ಮಕ್ತುಂಬಿಯ ಕಾಲುಚೀಲ

ಪೀರಬಿ ಒಲೆಯ ಮುಂದೆ ಕುಳಿತು ರೊಟ್ಟಿ ಮುರಿದು ಬೇಳೆಗೆ ಅದ್ದುತ್ತಿದ್ದಳು. ಬಾಯಲ್ಲಿ ತುತ್ತಿತ್ತು. ಅದೇ ಹೊತ್ತಿಗೆ ಅವಳ ದನಿ ಮಾಳಿಗೆಯ ಕೋಣೆಯಿಂದ ಕೇಳಿಬಂತು.

“ಏ ಹುಡುಗಿ, ತಲಿ ಮ್ಯಾಲ ಸೆರಗ ಹಾಕ್ಕೋ. ದೇವರ ಆಮ್ಯಾಲೆ ನೋಡ್ತಾನ, ಮೊದಲ ಎದುರಮನಿ ಇಂದುಬಾಯಿ ನೋಡ್ತಾಳ!”

ಆಮೇಲೆ ಏನೂ ಇಲ್ಲ. ಜನ ನಗಲೆಂದು ಬಿಟ್ಟ ಮೌನ ಅದು. ಮತ್ತೆ ಅದೇ ದನಿ, ಅದೇ ಕೆಮ್ಮು, ಮಾತಿನ ಕೊನೆಗೆ ಎಳೆಯುವ ಅದೇ ಉಸಿರು.

ರೊಟ್ಟಿ ತಟ್ಟುತ್ತಿದ್ದ ಯಾಸ್ಮಿನಳ ಕೈ ನಿಂತಿತು. ಮೇಲಿರುವುದು ಅಕ್ಕ ಹುಮಾ ಎಂದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಅವಳು ಆಯಿ ಎಂದು ಕರೆಯುವ ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು, ಅದು ಅಲುಗಾಡಿತೋ ಇಲ್ಲವೋ ಎಂದು.

“ನಾ ಇಲ್ಲಿ ಅದೇನಿ,” ಪೀರಬಿ ಮೇಲಕ್ಕೆ ನೋಡಿ ಅಂದಳು. “ಅಲ್ಲಿ ಯಾರ ಅದಾರ?”

“ನಿಮ್ಮ ಮೊಮ್ಮಗಳ್ರಿ ಅತ್ತಿ,” ಅಂದಳು ಸೊಸೆ ಅಫ್ರೋಜ. “ಪ್ರ್ಯಾಕ್ಟೀಸ್ ಮಾಡಾಕತ್ತಾಳ.”

ಹುಮಾ ಬಿ.ಕಾಂ. ಮುಗಿಸಿ ಇಂಡಿ ಊರಿನ ಒಂದು ಸೊಸಾಯಿಟಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದು ಮೊಬೈಲ್ ಮುಂದೆ ನಿಂತು ಊರಿನ ಮಾತು, ಮದುವೆ ಮಾತು, ಟೆಂಪೋದ ಮಾತು ಆಡಿ ನಗಿಸುತ್ತಿದ್ದಳು. ಅದನ್ನು ನೋಡಿ ಒಂದು ಕಂಪನಿಯವರು ಫೋನ್ ಮಾಡಿದ್ದರು. ಕನ್ನಡದಲ್ಲಿ ಒಂದು ಕಾಮಿಡಿ ಸ್ಪೆಷಲ್ ಮಾಡುತ್ತೇವೆ, ಹುಬ್ಬಳ್ಳಿಯ ಹಾಲ್‌ನಲ್ಲಿ ಶೂಟಿಂಗ್, ಐದು ಜನ ಇರುತ್ತಾರೆ, ಒಬ್ಬರಂತೆ ಒಬ್ಬರಿರುವುದಿಲ್ಲ, ನೀವೂ ಬರಬೇಕು ಎಂದಿದ್ದರು.

ಊಟಕ್ಕೆ ಕುಳಿತಾಗ ತಂದೆ ಖಾಜಾಸಾಬ ಕೇಳಿದ. ಅವನಿಗೆ ನಿಂಬೆಹಣ್ಣಿನ ವ್ಯಾಪಾರ. ಮೈಗೆಲ್ಲ ನಿಂಬೆಯ ವಾಸನೆ.

“ಐದ ಮಂದಿ ಯಾರ‍್ಯಾರವ್ವ?”

“ಒಬ್ಬಾಂವ ಮಂಗಳೂರಾಂವ, ಒಬ್ಬಾಂವ ಕಣ್ಣ ಕಾಣದಾಂವ, ಒಬ್ಬಾಕಿ ಕಾಡಿನ ಕಡಿಯಾಕಿ, ಒಬ್ಬಾಂವ ಮೈಸೂರಾಂವ. ಮತ್ತ ನಾನು.”

“ನೀ ಯಾಕ?”

“ನಾ ಹೆಣ್ಣು, ಮುಸ್ಲಿಂ, ಮ್ಯಾಲ ಉತ್ತರ ಕರ್ನಾಟಕದಾಕಿ. ಒಂದ ಸೀಟಿನ್ಯಾಗ ಮೂರ ಮಂದಿನ್ನ ಕೂಡ್ಸ್ಯಾರ ಅಬ್ಬಾ, ನಮ್ಮ ಇಂಡಿ ಟೆಂಪೋದ ಹಂಗ.”

ಖಾಜಾಸಾಬ ನಕ್ಕ. ಯಾಸ್ಮಿನಳೂ ನಕ್ಕಳು. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟ ಅವಳು ಮನೆಯಲ್ಲಿ ಮಾತಾಡುವುದು ಕಡಿಮೆ. ನಗುವುದಿದ್ದರೆ ಅಕ್ಕನ ಮಾತಿಗೆ ನಗುತ್ತಿದ್ದಳು.

“ಇಷ್ಟ ದಿನ ಬ್ಯಾರೇದವರ ನಮ್ಮ ವೇಷ ಹಾಕಿ ನಗಿಸಿದ್ರು,” ಹುಮಾ ತಟ್ಟೆ ಬದಿಗಿಟ್ಟಳು. “ನಮ್ಮ ಕಡಿಯಾಂವ ಅಂದ್ರ ಬೈಯಾಂವ. ಮುಸ್ಲಿಂ ಅಂದ್ರ ಬಿರ್ಯಾನಿ, ಬುರಖಾ. ನಮ್ಮ ಹೆಂಗಸ್ರಂತೂ ಸ್ಟೇಜಿನ ಮ್ಯಾಲ ಇಲ್ಲೇ ಇಲ್ಲ. ಈಗ ನಮ್ಮ ಮಾತ ನಾವ ಹೇಳೂಣು.”

“ಹೇಳು, ಯಾರ ಬ್ಯಾಡ ಅಂದ್ರು?” ಅಂದಳು ಪೀರಬಿ. “ಆದರ ನನ್ನ ದನಿ ಯಾಕ ಬೇಕು ನಿನಗ?”

“ನಿನ್ನ ದನಿಗೆ ಮಂದಿ ಭಾಳ ನಗ್ತಾರ ಆಯಿ.”

ಪೀರಬಿ ಒಳಗೊಳಗೆ ಖುಷಿಪಟ್ಟಳು. ಸೆರಗು ಸರಿಮಾಡಿಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಪೀರಬಿಗೆ ಊರಿನಲ್ಲಿ ಒಂದು ಕೆಲಸವಿತ್ತು. ಮುಸ್ಲಿಂ ಹೆಂಗಸರು ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ಮೊದಲು ಮಯ್ಯತ್, ಅಂದರೆ ಹೆಣ, ತೊಳೆಯಲು ಅವಳಿಗೇ ಹೇಳಿಕಳುಹಿಸುತ್ತಿದ್ದರು. ಅದಕ್ಕೆಂದೇ ಒಂದು ಅಲ್ಯೂಮಿನಿಯಂ ಚೊಂಬು ಬೇರೆ ಇಟ್ಟಿದ್ದಳು. ಆ ಕೆಲಸಕ್ಕೊಂದು ಕಟ್ಟಳೆ ಇದೆ. ತೊಳೆಯುವಾಗ ಮೈಮೇಲೆ ಕಂಡದ್ದು ತೊಳೆದ ನೀರಿನ ಜೊತೆಗೇ ಹೋಗಬೇಕು. ಬಾಸುಂಡೆ ಇರಲಿ, ಸುಟ್ಟ ಕಲೆ ಇರಲಿ, ಸತ್ತವಳ ಗಂಡನಿಗೂ ಮಗಳಿಗೂ ಹೇಳುವ ಹಾಗಿಲ್ಲ. ಪೀರಬಿ ಎಷ್ಟೋ ಮನೆಯ ಹೆಂಗಸರನ್ನು ತೊಳೆದಿದ್ದಳು. ಬಾಯಿಂದ ಒಂದು ಮಾತು ಹೊರಬಿದ್ದಿರಲಿಲ್ಲ. ಅದಕ್ಕೇ ಮುದುಕಿಯರು ಬದುಕಿದ್ದಾಗಲೇ ಬಂದು ಹೇಳಿ ಹೋಗುತ್ತಿದ್ದರು: “ನನ್ನ ನೀನಽ ತೊಳಿಬೇಕ ನೋಡವ್ವ.”

ಹೋದ ವರ್ಷ ಊರಿನ ಮುದುಕಿ ಮಕ್ತುಂಬಿ ತೀರಿಕೊಂಡಾಗ, ಪೀರಬಿಯ ಜೊತೆ ನೀರು ಹಾಕುವ ಹೆಂಗಸು ತಾಳಿಕೋಟೆಗೆ ಹೋಗಿದ್ದಳು. ಪೀರಬಿ ಹುಮಾಳನ್ನು ಕರೆದುಕೊಂಡು ಹೋಗಿದ್ದಳು. ಅದೊಂದೇ ಸಲ.

ಸ್ಪೆಷಲ್ ಬಂದ ಭಾನುವಾರ ಮಧ್ಯಾಹ್ನ ಎಲ್ಲರೂ ಟಿ.ವಿ. ಮುಂದೆ ಕುಳಿತರು. ಎದುರುಮನೆಯ ಇಂದುಬಾಯಿಯೂ ಬಂದಳು. ಅವಳದು ಬಸ್ ಸ್ಟ್ಯಾಂಡ್ ಹತ್ತಿರ ಬಳೆ, ಟಿಕ್ಲಿ, ಪೌಡರು ಮಾರುವ ಅಂಗಡಿ. ಟಿ.ವಿ.ಯಲ್ಲಿ ಹುಮಾ ಹಸಿರು ಕುರ್ತಾ ಹಾಕಿ ಮೈಕ್ ಹಿಡಿದು ಬಂದಳು. ಟೆಂಪೋದ ಮಾತಿಗೆ ಹಾಲ್ ನಕ್ಕಿತು, ಮನೆಯೂ ನಕ್ಕಿತು. ಸೆರಗಿನ ಮಾತಿಗೆ ಇಂದುಬಾಯಿ, “ನನ್ನೂ ಟಿ.ವಿ.ಯಾಗ ಹಾಕೀದ್ಯಲ್ಲ ಖೋಡಿ!” ಎಂದು ಹುಮಾಳ ಬೆನ್ನಿಗೆ ಗುದ್ದಿದಳು.

ಆಮೇಲೆ ಟಿ.ವಿ.ಯ ಹುಮಾ ದನಿ ಇಳಿಸಿದಳು.

“ನಮ್ಮೂರಾಗ ಒಬ್ಬಾಕಿ ಮುದುಕಿ ಇದ್ಲು. ಉರಿ ಬ್ಯಾಸಿಗ್ಯಾಗೂ ಕಾಲಾಗ ಸಾಕ್ಸ್. ಹುಡುಗ್ಯಾರ ಉಗುರಿಗೆ ಬಣ್ಣ ಕಂಡ್ರ ಸಾಕು, ‘ಉಗುರಿಗೆ ನೀರ ತಾಗಂಗಿಲ್ಲ, ನಿನ್ನ ನಮಾಜ ಕೂಡಂಗಿಲ್ಲ!’ ಅಂತ ಬೆನ್ನ ಹತ್ತಾಕಿ. ಸತ್ಲು. ತೊಳಿಯಾಕ ನಮ್ಮ ಆಯಿ ಹೋದ್ಲು, ನೀರ ಹಾಕಾಕ ನಾ ಹೋದೆ. ಸಾಕ್ಸ್ ತೆಗದ್ವಿ.” ಹುಮಾ ನಿಂತಳು. ಹಾಲ್ ಉಸಿರು ಹಿಡಿಯಿತು. “ಹತ್ತೂ ಬೆರಳು. ಕೆಂಪ. ಟೊಮೆಟೊ ಕೆಂಪ!”

ಹಾಲ್ ಒಡೆದು ಬಿದ್ದಂತೆ ನಕ್ಕಿತು. ಹುಮಾ ಪೀರಬಿಯ ದನಿ ತೆಗೆದಳು: “‘ಓಡು, ಬಣ್ಣ ತೆಗಿಯೂ ರಿಮೂವರ್ ತಾ! ಮ್ಯಾಲ ಹೋದ ಕೂಡ್ಲೆ ಚೆಕಿಂಗ ಇರ್ತದ!’”

ನಗು ಮತ್ತೆ ಎದ್ದಿತು, ಇಳಿಯಿತು. ಎಲ್ಲರೂ ನಿಲ್ಲಿಸಿದ ಮೇಲೆ ಹಾಲ್‌ನ ಹಿಂದೆಲ್ಲೋ ಒಬ್ಬ ಹೆಂಗಸು ಮಾತ್ರ ಇನ್ನೂ ನಗುತ್ತಿದ್ದಳು.

ಅಫ್ರೋಜ ನಕ್ಕುಬಿಟ್ಟು ಬಾಯಿಗೆ ಕೈ ಒತ್ತಿಕೊಂಡಳು. ಇಂದುಬಾಯಿ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಎದ್ದು ಹೋದಳು. ಪೀರಬಿ ಟಿ.ವಿ.ಯ ಹತ್ತಿರ ಸರಿದು ಕುಳಿತಳು.

“ಇನ್ನೊಮ್ಮೆ ಹಚ್ಚು.”

ಯಾಸ್ಮಿನ ಹಚ್ಚಿದಳು. ಪೀರಬಿ ಮೊಮ್ಮಗಳನ್ನು ನೋಡಲಿಲ್ಲ. ಕಣ್ಣು ಮುಚ್ಚಿ ನಗುವನ್ನಷ್ಟೇ ಕೇಳಿದಳು.

“ಕಡೀಕ ನಗೂವಾಕಿ ಯಾರು?”

“ಯಾರೋ ಗೊತ್ತಿಲ್ಲ ಆಯಿ. ಹಾಲ್ ತುಂಬ ಮಂದಿ ಇದ್ರು,” ಅಂದಳು ಹುಮಾ.

“ಮಕ್ತುಂಬಿ ಹಂಗ ನಗ್ತಿದ್ಲು. ಎಲ್ಲಾರದೂ ಮುಗದ ಮ್ಯಾಲ.”

ಹುಮಾ ಟಿ.ವಿ. ಆರಿಸಿದಳು.

“ನಾ ಆಕಿ ಹೆಸರ ಹೇಳಿಲ್ಲ ಆಯಿ.”

“ಸಾಕ್ಸ್ ಹೇಳೀದಿ. ಇಂಡ್ಯಾಗ ಬ್ಯಾಸಿಗ್ಯಾಗ ಸಾಕ್ಸ್ ಹಾಕೊಂಡ ಮುದುಕಿ ಇನ್ನೊಬ್ಬಾಕಿ ಯಾರ ಅದಾಳ?”

“ಹೀಯಾಳ್ಸಿ ಹೇಳಿಲ್ಲ ನಾ! ಆ ಉಗುರ ನೋಡಿದಾಗ ನನಗ ಆಕಿ ಮ್ಯಾಲ ಜೀವ ಬಂತು. ನಮ್ಮ ಹೆಂಗಸ್ರಿಗೂ ಆಶಾ ಇರ್ತದ ಅಂತ ಮಂದಿಗೆ ತಿಳೀಲಿ ಅಂತ ಹೇಳಿದೆ.”

“ಅದನ್ನ ಹೇಳಂತ ಆಕಿ ನಿನಗ ಹೇಳಿದ್ಲೇನು?”

ಪೀರಬಿ ಎದ್ದು ಹೋಗಿ ಚೊಂಬು ತೊಳೆದು ಬೋರಲು ಹಾಕಿದಳು.

ಮುಂದಿನ ವಾರಗಳಲ್ಲಿ ಆ ತುಣುಕು ಊರಿನ ಎಲ್ಲ ಮೊಬೈಲ್‌ಗೂ ಬಂತು. ಸಿಂದಗಿಯ ಬಸ್ಸಿನಲ್ಲಿ, ಮುದ್ದೇಬಿಹಾಳದ ಬೀಗರ ಮನೆಯಲ್ಲಿ, ನಿಂಬೆ ಹರಾಜಿನ ಸವಾಲು ಕಟ್ಟೆಯಲ್ಲಿ ಕೇಳಿಸಿತು. ಖಾಜಾಸಾಬ ಮಾರ್ಕೆಟ್‌ಗೆ ಹೋದರೆ, “ಸಾಹೇಬ್ರ, ಹಣ್ಣಿನ ಮ್ಯಾಲ ಕೆಂಪ ಬಣ್ಣ ಹಚ್ಚಿಲ್ಲ ಹೌದಲ್ಲ? ಚೆಕಿಂಗ ಐತಿ!” ಎಂದು ಧೂಳಪ್ಪ ಎನ್ನುವ ರೈತ ದಿನಾ ಅನ್ನುತ್ತಿದ್ದ. ಖಾಜಾಸಾಬ ಮೊದಲೆರಡು ದಿನ ನಕ್ಕ. ಆಮೇಲೆ ಮನೆಗೆ ಬೇಗ ಬರತೊಡಗಿದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಒಂದು ಮನೆಯಿಂದ ಆ ನಗು ಏಳುತ್ತಿತ್ತು. ಅದು ಮುಗಿಯುವುದರೊಳಗೆ ಇನ್ನೊಂದು ಮನೆಯಿಂದ ಅದೇ ನಗು. ಯಾಸ್ಮಿನಳಿಗೆ ಅದರ ಏರಿಳಿತ ಬಾಯಿಪಾಠವಾಗಿತ್ತು. ನೀರು ತುಂಬುತ್ತ ಅವಳು ಕೊನೆಯ ಒಬ್ಬಳ ನಗುವಿಗಾಗಿ ಕಾಯುತ್ತಿದ್ದಳು. ಅದು ಬಂದ ಮೇಲೆಯೇ ಕೊಡ ಎತ್ತುತ್ತಿದ್ದಳು. ಪೀರಬಿ ಮಾತು ಕಡಿಮೆ ಮಾಡಿದಳು. ಉಪ್ಪು ಬೇಕಾದರೆ ಬೆರಳಲ್ಲಿ ತೋರಿಸುತ್ತಿದ್ದಳು. ಮನೆಯಲ್ಲಿ ಅವಳ ದನಿ ಕೇಳುತ್ತಿದ್ದದ್ದು ಪಕ್ಕದ ಮನೆಯ ಮೊಬೈಲ್‌ನಿಂದ ಮಾತ್ರ.

ಒಂದು ಬೆಳಿಗ್ಗೆ ಬಟ್ಟೆ ತೆಗೆಯಲು ಹೋದ ಅಫ್ರೋಜ ಹಗ್ಗದ ಹತ್ತಿರ ನಿಂತುಬಿಟ್ಟಳು. ಮನೆಯವರ ಬಟ್ಟೆಗಳ ನಡುವೆ ಒಂದು ಜೊತೆ ಕಂದು ಬಣ್ಣದ ಕಾಲುಚೀಲವಿತ್ತು. ಉಳಿದ ಬಟ್ಟೆ ಒಣಗಿದ್ದವು. ಅವು ಮಾತ್ರ ಈಗಷ್ಟೇ ಹಿಂಡಿದಂತೆ ಹನಿಯುತ್ತಿದ್ದವು.

“ಯಾರ‍್ದಿವು?”

ಯಾರದೂ ಅಲ್ಲ. ಯಾರು ತಂದು ಹಾಕಿದರೆಂದು ಇವತ್ತಿಗೂ ಗೊತ್ತಾಗಿಲ್ಲ. ಅಫ್ರೋಜ ಕಡ್ಡಿಯಿಂದ ಎತ್ತಿ ಒಗೆಯಲು ಹೊರಟಳು. ಪೀರಬಿ ಬಂದು ಅವಳ ಕೈಯಿಂದ ತೆಗೆದುಕೊಂಡು, ಒಣಗಿಸಿ, ಮಡಿಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟಳು.

ಆ ಶುಕ್ರವಾರ ಮಕ್ತುಂಬಿಯ ಮಗ ಜೈನುದ್ದೀನ ಬಂದ. ಕೊಟ್ಟ ಚಾ ಮುಟ್ಟಲಿಲ್ಲ.

“ಖಾಲಾ, ಒಂದ ಮಾತ ಹೇಳ್ರಿ. ನಮ್ಮವ್ವನ ನಮಾಜ ಎಷ್ಟ ವರ್ಷದ್ದು ಹೋತು? ಮಂದಿ ಕೇಳಾಕತ್ತಾರ. ಬಣ್ಣದ ಉಗುರಿಗೆ ನೀರ ತಾಗೂದಿಲ್ಲ, ಹಂಗಾರ ಆಕಿ ನಮಾಜಿನ ಮುಂದ ಕೈಕಾಲ ತೊಳದ ವಜೂ ಮಾಡಿದ್ದೆಲ್ಲ ಸುಳ್ಳು ಅಂತಾರ.”

“ನಾ ಏನೂ ನೋಡಿಲ್ಲಪ್ಪ.”

“ನಿಮ್ಮ ದನೀಲೇ ಕೇಳೇನ್ರಿ ನಾ.”

ಪೀರಬಿ ತಲೆ ತಗ್ಗಿಸಿದಳು. “ಆಕಿ ನಮಾಜ ಹೋಗಿದ್ರ, ನಂದೂ ಆಕಿ ಜೋಡಿ ಹೋಗ್ಲಿ.”

ಹುಮಾ ಬಾಗಿಲಲ್ಲಿ ನಿಂತು, “ಜೈನುದ್ದೀನಣ್ಣಾ, ತಪ್ಪಾತು,” ಅಂದಳು. ಅವನು ಅವಳ ಕಡೆ ನೋಡದೆ ಚಪ್ಪಲಿ ಹಾಕಿಕೊಂಡು ಹೋದ.

ಅದಾಗಿ ಕೆಲವು ದಿನಕ್ಕೆ ಹಿಂದಿನ ಓಣಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಳು. ಪೀರಬಿ ಸ್ನಾನ ಮಾಡಿ, ಬಿಳಿ ದುಪಟ್ಟಾ ಹೊದ್ದು, ಚೊಂಬು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಎದುರು ಕುಳಿತಳು. ಕರೆಯಲು ಯಾರೂ ಬರಲಿಲ್ಲ. ಮಧ್ಯಾಹ್ನ ಸಿಂದಗಿಯಿಂದ ಒಂದು ಜೀಪು ಬಂತು. ಅದರಿಂದ ಇಳಿದ ಅಪರಿಚಿತ ಹೆಂಗಸಿನ ಕೈಯಲ್ಲೂ ಒಂದು ಚೊಂಬಿತ್ತು. ನಳದ ಹತ್ತಿರ ಯಾರೋ ಅಫ್ರೋಜಳಿಗೆ ಹೇಳಿದರು: “ನಮ್ಮತ್ತಿ ಸಾಯೂ ಮುಂದ ಆಣಿ ಹಾಕ್ಸ್ಯಾಳವ್ವ, ನನ್ನ ಪೀರಬಿ ಕೈಯಾಗ ಕೊಡಬ್ಯಾಡ್ರಿ ಅಂತ.” ಜನಾಜಾ ಹೊತ್ತವರು ಓಣಿ ದಾಟಿ ಹೋಗುವವರೆಗೂ ಪೀರಬಿ ಕುಳಿತೇ ಇದ್ದಳು. ಆ ದಿನ ಅವಳು ಊಟ ಮಾಡಲಿಲ್ಲ.

ಅದೇ ವಾರ ಕಂಪನಿಯ ಮೇಡಂ ಫೋನ್ ಮಾಡಿದಳು. ಹುಮಾ ಊಟದ ಹೊತ್ತಿಗೆ ಅಂಜುತ್ತ ಹೇಳಿದಳು.

“ಒಂದ ತಾಸು ಪೂರಾ ನನ್ನೊಬ್ಬಾಕಿದಽ ಮಾಡ್ತಾರಂತ. ಆಯಿನ್ನ ಮುಂದಿನ ಸಾಲಿನ್ಯಾಗ ಕೂಡ್ಸೂಣು ಅಂತಾರ.”

“ಇನ್ಯಾರ ಹೆಣ ತಗೀತಿ?” ಖಾಜಾಸಾಬ ತಟ್ಟೆ ತಳ್ಳಿದ. “ನಮ್ಮಪ್ಪಂದೂ ಐತಿ ಗೋರಿ. ಹೋಗು, ಅಗಿ!”

“ಇಷ್ಟ ವರ್ಷ ಒಬ್ಬಾಕಿನ್ನೂ ಕರೀಲಿಲ್ಲ ಅಬ್ಬಾ ಅವರು. ನಾ ಬಿಟ್ರ ಮತ್ತ ಇನ್ಯಾವಾಗ ಕರೀತಾರ?”

“ಕರದದ್ದು ನಿನ್ನ ಅಲ್ಲ. ನಮ್ಮವ್ವನ ದನಿ ಕರದಾರ.”

ಪೀರಬಿ ಕೈತೊಳೆದು ಬಂದಳು. ಬಹಳ ದಿನದ ಮೇಲೆ ಪೂರ್ತಿ ಒಂದು ಮಾತಾಡಿದಳು. “ಯಾಸ್ಮಿನಾ, ಬಚ್ಚಲದಾಗ ಮಂಚ ಹಾಕು. ನಿನಗ ಕೆಲಸ ಕಲಸ್ತೇನಿ. ಹುಮಾ, ನೀನೂ ಬಾ.”

ಹಿತ್ತಲಿನ ಬಚ್ಚಲು. ಒಂದು ಬದಿಗೆ ಖಾಲಿ ನಿಂಬೆ ಚೀಲಗಳು. ಮೇಲೆ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು.

“ಮಲಕ್ಕೋ,” ಪೀರಬಿ ಹುಮಾಳಿಗೆ ಅಂದಳು. “ಕಣ್ಣ ಮುಚ್ಚು. ನೀ ಮಯ್ಯತ್. ಮಯ್ಯತ್ ಮಾತಾಡಂಗಿಲ್ಲ.”

ಹುಮಾ ನಗಲು ನೋಡಿದಳು. ಆಯಿಯ ಮುಖ ಕಂಡು ಮಲಗಿದಳು. ಪೀರಬಿ ಅವಳ ಮೇಲೆ ಕೊರಳಿಂದ ಕಾಲಿನವರೆಗೆ ಚಾದರ ಹೊದಿಸಿದಳು. ಖಾಲಿ ಚೊಂಬನ್ನು ಯಾಸ್ಮಿನಳ ಕೈಗೆ ಕೊಟ್ಟಳು.

“ಚಾದರ ಸರಿಸಬ್ಯಾಡ. ಕೈಗೆ ಅರಿವಿ ಸುತ್ತಿಕೊಂಡು ಒಳಗಽ ತೊಳಿ. ಬಲಮಗ್ಗಲ ಮೊದಲ. ನೀರಿಗೆ ಬಾರಿಹಣ್ಣಿನ ಎಲಿ ಹಾಕಿ ಕುದಿಸಿರಬೇಕು, ಕಡೀ ನೀರಿಗೆ ಕರ್ಪೂರ. ಮೆತ್ತಗ. ಆಕಿಗೆ ನೋವಾಗ್ತದ ಅಂತ ತಿಳಕೊಂಡ ಮಾಡು.”

ಯಾಸ್ಮಿನ ಇಲ್ಲದ ನೀರು ಸುರಿದಳು. ಅರಿವೆ ಸುತ್ತಿದ ಕೈ ಅಕ್ಕನ ಸೊಂಟಕ್ಕೆ ಬಂದಾಗ ನಿಂತಿತು. ಅಲ್ಲೊಂದು ದಪ್ಪ ಗಾಯದ ಗೆರೆ ಕೈಗೆ ಹತ್ತಿತು. ಮನೆಯಲ್ಲಿ ಯಾರಿಗೂ ಗೊತ್ತಿರದ ಗಾಯ.

“ಆಯಿ, ಇಲ್ಲಿ ಹುಮಾ ಆಪಾಗ...”

ಪೀರಬಿ ಅವಳ ಬಾಯಿ ಮುಚ್ಚಿದಳು. “ಏನೈತಿ ಅಲ್ಲಿ?”

ಯಾಸ್ಮಿನ ಆಯಿಯ ಕಣ್ಣು ನೋಡಿದಳು. “ಏನೂ ಇಲ್ಲ.”

“ಹಾಂ. ಏನೂ ಇಲ್ಲ.”

ಹುಮಾ ಮಲಗಿಯೇ ಇದ್ದಳು. ಮುಚ್ಚಿದ ಕಣ್ಣಿನ ಬದಿಯಿಂದ ನೀರು ಕಿವಿಗೆ ಇಳಿಯಿತು. ಆಗ ಗೋಡೆಯ ಆಚೆ ಯಾರೋ ಆ ತುಣುಕು ಹಚ್ಚಿದರು. ಪೀರಬಿಯ ದನಿ ಬಂತು, ಹಾಲ್ ನಕ್ಕಿತು, ನಿಂತಿತು. ಕೊನೆಯವಳ ನಗು ಬಂತು. ಹುಮಾ ದಡಕ್ಕನೆ ಎದ್ದು ಕುಳಿತಳು.

“ಯಾರ ನಕ್ಕರು ಇಲ್ಲಿ? ನನ್ನ ಕಿವಿ ಹತ್ರ ಯಾರ ನಕ್ಕರು?”

“ಇಲ್ಲಿ ಯಾರೂ ನಕ್ಕಿಲ್ಲ ಆಪಾ,” ಅಂದಳು ಯಾಸ್ಮಿನ.

“ಹೆಣ ಎದ್ದ ಕೂತ್ರ ಮಣ್ಣ ಮಾಡೂದ ಹೆಂಗವ್ವ?” ಎಂದು ಪೀರಬಿ ಚಾದರ ಮಡಚಿದಳು.

ಸಂಜೆ ಹುಮಾ ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ಫೋನ್ ಮಾಡಿದಳು. ಯಾಸ್ಮಿನ ಕೆಳಗೆ ಅಕ್ಕಿ ಆರಿಸುತ್ತಿದ್ದಳು.

“ಅದೊಂದ ತುಣುಕು ತಗದ್ಬಿಡ್ರಿ ಮೇಡಂ.”

“ಅದನ್ನ ತೆಗೆದ್ರೆ ನಿಮ್ಮ ಭಾಗದಲ್ಲಿ ಏನು ಉಳಿಯುತ್ತೆ ಹುಮಾ?” ಫೋನಿನ ದನಿ ಬಹಳ ಮೃದುವಾಗಿತ್ತು. “ನಿಮ್ಮಂಥವರ ದನಿ ಹೊರಗೆ ಬರಲಿ ಅಂತಾನೇ ಅಲ್ವಾ ನಾವು ಇಷ್ಟೆಲ್ಲ ಮಾಡಿದ್ದು?”

“ಅದು ನನ್ನ ದನಿ ಅಲ್ರಿ.”

“ಅಗ್ರಿಮೆಂಟ್‌ಗೆ ಸೈನ್ ಮಾಡಿದ್ದೀರಲ್ಲ. ಮುಂದಿನ ಸ್ಪೆಷಲ್ ಬಗ್ಗೆ ಯೋಚನೆ ಮಾಡಿ. ಸರೀನಾ?”

ಹುಮಾ ಫೋನ್ ಇಟ್ಟಳು. ಆ ದಿನದಿಂದ ಮಾಳಿಗೆಯಲ್ಲಿ ಪ್ರ್ಯಾಕ್ಟೀಸ್ ನಿಂತಿತು.

ಮಳೆಗಾಲ ಕೂಡುವ ಹೊತ್ತಿಗೆ ಪೀರಬಿ ಹಾಸಿಗೆ ಹಿಡಿದಳು. ಗಂಜಿ ಕೊಟ್ಟರೆ ಎರಡು ಗುಟುಕು. ಹುಮಾ ಸೊಸಾಯಿಟಿಗೆ ರಜೆ ಹಾಕಿ ಕಾಲು ಒತ್ತುತ್ತ ಕುಳಿತಳು.

“ನನ್ನ ಯಾಸ್ಮಿನ ತೊಳೀಲಿ,” ಒಂದು ದಿನ ಪೀರಬಿ ಎಲ್ಲರೆದುರು ಅಂದಳು. “ಹುಮಾ ಹೊರಗ ಕೂಡ್ಲಿ.”

“ನಾ ಯಾರಿಗೂ ಹೇಳಂಗಿಲ್ಲ ಆಯಿ. ಖುರಾನ ಮುಟ್ಟಿ ಹೇಳ್ತೇನಿ.”

“ಹೇಳಂಗಿಲ್ಲ ಅಂತ ನನಗೂ ಗೊತ್ತವ್ವ. ಆದರ ನೋಡಿದ್ದು ನಿನ್ನೊಳಗ ಸುಮ್ನ ಕೂಡಂಗಿಲ್ಲ.”

ಹುಮಾ ಎದ್ದು ಹಿತ್ತಲಿಗೆ ಹೋಗಿ ಅತ್ತಳು. ಯಾರೂ ಹಿಂದೆ ಹೋಗಲಿಲ್ಲ.

ಮರುದಿನ ಇಂದುಬಾಯಿ ಅಂಗಡಿಯಿಂದ ನೇರವಾಗಿ ಬಂದಳು. ಸೆರಗಿನಲ್ಲಿ ಏನೋ ಗಂಟು ಹಾಕಿಕೊಂಡಿದ್ದಳು.

“ಎಲ್ಲಾರೂ ಹೊರಗ ನಡೀರಿ. ನಾವ ಮುದುಕ್ಯಾರ ಮಾತಾಡ್ತೇವಿ,” ಎಂದು ಬಾಗಿಲು ಹಾಕಿದಳು.

ಒಳಗೆ ಗುಸುಗುಸು. “ಅಲುಗ್ಯಾಡಬ್ಯಾಡ ಸುಮ್ನಿರ,” ಎನ್ನುವ ಇಂದುಬಾಯಿಯ ಗದರು. ಆಮೇಲೆ ಇಬ್ಬರೂ ನಕ್ಕರು. ವಾರಗಟ್ಟಲೆ ಆದ ಮೇಲೆ ಪೀರಬಿ ನಕ್ಕಿದ್ದಳು. ಮೊದಲು ಇಂದುಬಾಯಿಯ ನಗು ನಿಂತಿತು. ಪೀರಬಿಯದೂ ನಿಂತಿತು. ಅದಾದ ಮೇಲೂ ಒಂದು ಸಣ್ಣ ನಗು ಉಳಿದಿತ್ತೆಂದು ಯಾಸ್ಮಿನಳಿಗೆ ಅನ್ನಿಸಿತು. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಬಾಗಿಲ ಹತ್ತಿರ ಹೋದಳು. ಅಷ್ಟರಲ್ಲಿ ಅದೂ ನಿಂತಿತು.

ಬಾಗಿಲು ತೆರೆದಾಗ ಪೀರಬಿ ಹಾಯಾಗಿ ಮಲಗಿದ್ದಳು. ಜನ್ಮದಲ್ಲಿ ಕಾಲಿಗೆ ಏನೂ ಹಾಕದವಳು ಕಂದು ಬಣ್ಣದ ಆ ಕಾಲುಚೀಲ ಹಾಕಿಕೊಂಡಿದ್ದಳು.

“ಛಳಿ ಅಂದ್ಲು,” ಎಂದು ಇಂದುಬಾಯಿ ಹೊರಟು ಹೋದಳು.

ಹುಮಾ ಕಾಲು ಒತ್ತಲು ಕುಳಿತಾಗ ಪೀರಬಿ ಕಾಲು ಮಡಚಿಕೊಂಡಳು. “ಇರ್ಲಿ ಬಿಡು.”

ಮುಂದಿನ ಸೋಮವಾರ ಬೆಳಿಗ್ಗೆ ಚಾ ಕೊಡಲು ಹೋದ ಅಫ್ರೋಜ ಕೂಗಿಕೊಂಡಳು. ಪೀರಬಿ ಹೋಗಿದ್ದಳು.

ಅಂಗಳದಲ್ಲಿ ಗಂಡಸರು ಸೇರಿದರು. ಹೆಂಗಸರು ಬಹಳ ಬರಲಿಲ್ಲ. ಬಚ್ಚಲಿಗೆ ಪರದೆ ಕಟ್ಟಿದರು. ಬಾರಿ ಎಲೆಯ ನೀರು ಕುದಿಯಿತು. ಯಾಸ್ಮಿನ ಚೊಂಬು ಹಿಡಿದು ನಿಂತಳು. ನೀರು ಹಾಕಲು ಇನ್ನೊಬ್ಬರು ಬೇಕಿತ್ತು. ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹುಮಾ ಎದ್ದಳು, ತಾಯಿಯನ್ನು ನೋಡಿ ಮತ್ತೆ ಕುಳಿತಳು.

ಆಗ ಬಾಗಿಲಿನಿಂದ ಜೈನುದ್ದೀನನ ಹೆಂಡತಿ ಬಂದಳು. ಮಕ್ತುಂಬಿಯ ಸೊಸೆ. ಯಾರ ಜೊತೆಗೂ ಮಾತಾಡದೆ ದುಪಟ್ಟಾ ಸೊಂಟಕ್ಕೆ ಬಿಗಿದಳು.

“ನಮ್ಮತ್ತಿನ್ನ ಈಕಿ ತೊಳದಾಳ. ಈಕಿಗೆ ನಾ ನೀರ ಹಾಕ್ತೇನಿ,” ಅಂದಳು.

ಇಬ್ಬರೂ ಪರದೆಯೊಳಗೆ ಹೋಗುವಾಗ ಇಂದುಬಾಯಿ ಮುಂದೆ ಬಂದು, ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಬಾಟಲಿಯನ್ನು ಯಾಸ್ಮಿನಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

ಹುಮಾ ಪರದೆಯ ಹೊರಗೆ ತಾಯಿಯ ಪಕ್ಕ ಕುಳಿತಳು. ನೀರು ಸುರಿಯುವ ಸದ್ದು ಬಂತು. ನಿಂತಿತು. ಮತ್ತೆ ಬರಲಿಲ್ಲ. 

ಒಳಗಿನಿಂದ ಒಂದು ನಗು ಬಂತು. ಸಣ್ಣದು, ಹೆಂಗಸಿನದು. ಅಳುವಿನ ಹತ್ತಿರ ಹೋಗಿ ತಿರುಗಿ ಬಂದ ನಗು. ಅಂಗಳದಲ್ಲಿ ಗಂಡಸರ ಮಾತು ನಿಂತಿತು. ಗೋಡೆಗೆ ಒರಗಿ ಕುಳಿತಿದ್ದ ಜೈನುದ್ದೀನ ತಲೆ ಎತ್ತಿ ಪರದೆಯ ಕಡೆ ನೋಡಿದ. ಅವನ ಮುಖ ಬಿಳಿಚಿತ್ತು.

ಆಮೇಲೆ ಪರದೆಯ ಕೆಳಗಿನಿಂದ ಒಂದು ವಾಸನೆ ಹೊರಬಂತು. ಮೂಗಿಗೆ ಚುರ್ರೆನ್ನುವ, ಸಿಹಿಯಾದ, ತಣ್ಣಗಿನ ವಾಸನೆ. ಆ ವಾಸನೆಯ ಬಾಟಲಿಯನ್ನು ಹುಮಾ ಹೋದ ವರ್ಷ, ಮಕ್ತುಂಬಿಯನ್ನು ತೊಳೆಯುವಾಗ, ಇಂದುಬಾಯಿಯ ಅಂಗಡಿಯಿಂದ ಓಡಿ ಹೋಗಿ ತಂದಿದ್ದಳು. ಅವಳು ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿದವು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಪಕ್ಕದಲ್ಲಿದ್ದವರಿಗೂ ತಿಳಿಯಲಿಲ್ಲ.

ಸುತ್ತಲಿನ ಹೆಂಗಸರು ಮೂಗು ಅರಳಿಸಿದರು. ಅಫ್ರೋಜ ಮಗಳ ಕಡೆ ಬಾಗಿದಳು.

“ಎಂಥಾ ವಾಸನಿಽ ಅದು ಹುಮಾ? ಒಳಗ ಏನ ಮಾಡಾಕತ್ತಾರ?”

ಎಲ್ಲರೂ ಹುಮಾಳ ಬಾಯಿಯನ್ನೇ ನೋಡಿದರು.

“ಏನೂ ಇಲ್ಲ ಅಮ್ಮಿ,” ಹುಮಾ ತನ್ನದೇ ದನಿಯಲ್ಲಿ ಅಂದಳು. “ಕರ್ಪೂರ.”